ಚಾವಣಿ ಮೇಲೆ ಸೋಲಾರ್, ಮನೆಯೊಳಗೆ ಕತ್ತಲೆ!

ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆ ಹೆದ್ದಾರಿಯಲ್ಲಿ ಹೊರಟವರಿಗೆ ಗೊಟಗೋಡಿ ಗೊತ್ತಿರುತ್ತೆ. ರಾಕ್ ಗಾರ್ಡನ್ ಇರುವ ಊರು, ಜಾನಪದ ವಿಶ್ವವಿದ್ಯಾಲಯ ಇರುವ ಊರು. ಇವತ್ತು ಮಾತು ಅವೆರಡರದ್ದಲ್ಲ. ಗೊಟಗೋಡಿಯೇ ಇರಲಿ, ಪಕ್ಕದ ಹಾನಗಲ್ಲೇ ಇರಲಿ, ಮನೆ ಮೇಲೆ ಸೋಲಾರ್ ಹಾಕಿಸಿಕೊಂಡವರು ಮಳೆಗಾಲ ಬಂದ ಕೂಡಲೇ ಕೇಳುವ ಪ್ರಶ್ನೆ ಒಂದೇ. "ಮ್ಯಾಲೆ ಇಷ್ಟು ಪ್ಯಾನೆಲ್ ಅದಾವು, ಕರೆಂಟ್ ಹೋದ್ರ ನಮ್ಮನ್ಯಾಗೂ ಯಾಕ್ರೀ ಕತ್ಲಿ?"

ಮೋಡ ಮುಸುಕಿದೆ, ಅದಕ್ಕೆ ಅಂತ ನೀವು ಅಂದ್ಕೊಂಡಿರಬಹುದು. ಅದು ಅರ್ಧ ಉತ್ತರ ಅಷ್ಟೇ. ಒಳ್ಳೆ ಬಿಸಿಲಿನ ದಿನ ಒಂದು ಕಿಲೋವ್ಯಾಟ್ ಪ್ಯಾನೆಲ್ ಸುಮಾರು 4 ಯೂನಿಟ್ ಕೊಡುತ್ತೆ. ದಟ್ಟ ಮೋಡ ಕವಿದರೆ ಅದು 1 ಯೂನಿಟ್‌ಗೆ, ಇನ್ನೂ ಕೆಳಗೆ ಇಳಿಯುತ್ತೆ. ಆದರೆ ಸೊನ್ನೆ ಆಗಲ್ಲ. ಕತ್ತಲೆಗೆ ಕಾರಣ ನಿಮ್ಮ ಇನ್ವರ್ಟರ್.

2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ಅದರ ಲೆಕ್ಕ ಸೋಲಾರ್ ಕಿಲೋವ್ಯಾಟ್ ಮೇಲೆ, ಬ್ಯಾಟರಿ ಮೇಲಲ್ಲ. ಹಾಗಾಗಿ ಹೆಚ್ಚಿನವರು ಹಾಕಿಸೋದು ಬ್ಯಾಟರಿ ಇಲ್ಲದ ಆನ್-ಗ್ರಿಡ್. ಹೆಸ್ಕಾಂ ಲೈನ್ ಸತ್ತ ಕ್ಷಣವೇ ಇದು ತಾನಾಗಿ ಬಂದ್ ಆಗುತ್ತೆ, ಮಟಮಟ ಮಧ್ಯಾಹ್ನದ ಬಿಸಿಲಿದ್ರೂ ಸರಿ. ಇಲ್ಲದಿದ್ದರೆ ನಿಮ್ಮ ಮನೆಯ ಕರೆಂಟ್ ಹೊರಗಿನ ತಂತಿಗೆ ಹರಿಯುತ್ತೆ. ಗಾಳಿಮಳೆಗೆ ಹರಿದ ತಂತಿ ಜೋಡಿಸೋಕೆ ಆ ಹೊತ್ತಿಗೆ ಕಂಬ ಹತ್ತಿರುವ ಲೈನ್‌ಮನ್ ಗತಿ? ಯಾರಾದರೂ "ಬೈಪಾಸ್ ಮಾಡ್ಕೊಡ್ತೀನ್ರೀ, ಏನೂ ಆಗಂಗಿಲ್ಲ" ಅಂದ್ರೆ ದಯವಿಟ್ಟು ಬಾಗಿಲಿಂದಲೇ ವಾಪಸ್ ಕಳಿಸಿ.

ಬ್ಯಾಟರಿ ಇರುವ ಹೈಬ್ರಿಡ್ ನಿಮ್ಮದಾಗಿದ್ದರೆ ಲೆಕ್ಕ ಬೇರೆ. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ ಇರೋದು 1.8 ಯೂನಿಟ್. ಆಸಿಡ್ ಬ್ಯಾಟರಿಯಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಪದೇ ಪದೇ ಇಳಿಸಿದರೆ ಬೇಗ ಸಾಯುತ್ತೆ. ಆ ಅರ್ಧದಲ್ಲಿ 9 ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬು, ಒಂದು ಹಳೇ ಫ್ಯಾನು, ವೈಫೈ ಸೇರಿ ಸುಮಾರು ಆರು ಗಂಟೆ ನಡೆಯುತ್ತೆ. ಫ್ಯಾನ್ ಬದಲಿಸಿ 30 ವ್ಯಾಟಿನ ಬಿಎಲ್‌ಡಿಸಿ ಹಾಕಿದರೆ ಹತ್ತು ಗಂಟೆ! ಅದೇ ಇಸ್ತ್ರಿ ಪೆಟ್ಟಿಗೆ ಹಚ್ಚಿದಿರೋ, ಮುಕ್ಕಾಲು ಗಂಟೆಗೆ ಕಥೆ ಮುಗೀತು. ಇಸ್ತ್ರಿ, ಮೋಟರು, ಮಿಕ್ಸಿ ಎಲ್ಲ ಲೈನ್ ಇದ್ದಾಗ ಇಲ್ಲವೇ ಮೋಡ ಹರಿದಾಗ ಮುಗಿಸಿಕೊಳ್ಳಿ.

ಇನ್ನೊಂದು, ಬಹಳ ಮನೆಗಳಲ್ಲಿ ಯಾರೂ ಮುಟ್ಟಿ ನೋಡದ ಸೆಟ್ಟಿಂಗ್. ಬೇಸಿಗೆಯಲ್ಲಿ ಬ್ಯಾಟರಿ ಸೋಲಾರಿನಿಂದ ಮಾತ್ರ ಚಾರ್ಜ್ ಆಗಲಿ ಅಂತ ಇಟ್ಟಿರ್ತಾರೆ. ಮಳೆಗಾಲಕ್ಕೆ ಅದನ್ನ ಸೋಲಾರ್ ಜೊತೆ ಗ್ರಿಡ್ ಅಂತ ಬದಲಿಸಿ. ಮೂರು ದಿನ ಜಿಟಿಜಿಟಿ ಮಳೆ ಹಿಡಿದರೂ ಲೈನ್ ಇದ್ದಷ್ಟು ಹೊತ್ತು ಬ್ಯಾಟರಿ ತುಂಬಿಕೊಳ್ಳುತ್ತೆ.

ಮಳೆ ಪ್ಯಾನೆಲ್ ತೊಳೆಯುತ್ತೆ ನಿಜ, ಕೆಳ ಅಂಚಿನ ಕೆಸರು, ಅಂಟಿದ ಎಲೆ ತೊಳೆಯಲ್ಲ. ಒಂದು ಎಲೆ ಸರಿಯಾದ ಜಾಗದಲ್ಲಿ ಕೂತರೆ ಆ ಪ್ಯಾನೆಲ್‌ನ ಮೂರನೇ ಒಂದು ಪಾಲು ಹೋದಂಗೆ. ಆದರೆ ಒದ್ದೆ ಚಾವಣಿ ಹತ್ತಬೇಡಿ, ಒಣಗಿದ ಮೇಲೆ ಉದ್ದ ಕೋಲಿನ ಬ್ರಷ್ ಸಾಕು.

ಹೊಸದಾಗಿ ಹಾಕಿಸುವವರು ಅಡ್ವಾನ್ಸ್ ಕೊಡುವ ಮುಂಚೆ ಏಜೆನ್ಸಿಯವರನ್ನ ಒಂದೇ ಮಾತು ಕೇಳಿ: ಕರೆಂಟ್ ಹೋದಾಗ ನಮ್ಮ ಮನೆಯ ಯಾವ್ಯಾವ ಪಾಯಿಂಟ್ ಉರಿಯುತ್ತೆ, ಎಷ್ಟು ಗಂಟೆ? ಉತ್ತರವನ್ನ ಕೊಟೇಶನ್ ಮೇಲೆಯೇ ಬರೆಸಿಕೊಳ್ಳಿ.