ಶರಾವತಿಯ ಗಾಜಿನ ಭರಣಿಗಳು

ಹ್ಯಾರೋದ ಬೆಂಟ್ಲಿ ಪ್ರಯರಿ ಸಂರಕ್ಷಿತ ಪ್ರದೇಶದ ಕೆರೆಯ ದಂಡೆಯಲ್ಲಿ ನಡೆಯುವಾಗಲೆಲ್ಲ ನನಗೆ ಜೋಗದ ಜಾರುಬಂಡೆಗಳು ನೆನಪಾಗುತ್ತವೆ. ನೀರೊಳಗಿನ ಕಲ್ಲುಗಳಿಗೆ ಅಂಟಿದ ಕಂದು ಲೋಳೆಯನ್ನು ನಾವು ಪಾಚಿಯೆಂದು ಕಡೆಗಣಿಸುತ್ತೇವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರಲ್ಲಿ ಡಯಾಟಮ್‌ಗಳೆಂಬ ಏಕಕೋಶ ಶೈವಲಗಳ ಸಂತೆಯೇ ನೆರೆದಿರುತ್ತದೆ.

ಡಯಾಟಮ್‌ನ ಕವಚ ಸಿಲಿಕಾದಿಂದ, ಅಂದರೆ ಗಾಜಿನ ಮೂಲದ್ರವ್ಯದಿಂದ ಆದದ್ದು. ಕುಂಕುಮದ ಭರಣಿಯಂತೆ ಅದಕ್ಕೆ ಎರಡು ಹೋಳು. ಒಂದು ಇನ್ನೊಂದಕ್ಕೆ ಮುಚ್ಚಳ. ಕೋಶ ಒಡೆದು ಎರಡಾದಾಗ ಪ್ರತಿಯೊಂದೂ ಹಳೆಯ ಹೋಳನ್ನು ಮುಚ್ಚಳವಾಗಿಟ್ಟುಕೊಂಡು ಒಳಹೋಳನ್ನು ಹೊಸದಾಗಿ ಕಟ್ಟುತ್ತದೆ. ಹೀಗಾಗಿ ಪೀಳಿಗೆಗಳುರುಳಿದಂತೆ ಸರಾಸರಿ ಗಾತ್ರ ಕುಗ್ಗುತ್ತದೆ. ಲೈಂಗಿಕ ಸಂತಾನೋತ್ಪತ್ತಿಯ ಬಳಿಕ ಮತ್ತೆ ಮೂಲ ಗಾತ್ರ ಮರಳುತ್ತದೆ. ಭೂಮಿಯ ದ್ಯುತಿಸಂಶ್ಲೇಷಣೆಯ ಸುಮಾರು ಐದನೆಯ ಒಂದು ಭಾಗ ಈ ಜೀವಿಗಳದೇ.

ನಾನು ಇವುಗಳ ಹೆಸರನ್ನು ಮೊದಲು ಕೇಳಿದ್ದು ನ್ಯಾಯವೈದ್ಯಶಾಸ್ತ್ರದ ತರಗತಿಯಲ್ಲಿ. ಜೀವವಿದ್ದಾಗ ಮುಳುಗಿದವರ ಶ್ವಾಸಕೋಶ ಹೊಕ್ಕ ಡಯಾಟಮ್‌ಗಳು ರಕ್ತದೊಡನೆ ಅಸ್ಥಿಮಜ್ಜೆಯವರೆಗೂ ಸಾಗಬಲ್ಲವು. ಹೃದಯ ನಿಂತ ಮೇಲೆ ನೀರಿಗೆ ಬಿದ್ದ ದೇಹದಲ್ಲಿ ಅವನ್ನು ಹೊತ್ತೊಯ್ಯುವ ರಕ್ತಪ್ರವಾಹವೇ ಇರುವುದಿಲ್ಲ. ಅಂಗಾಂಶವನ್ನು ಆಮ್ಲದಲ್ಲಿ ಕರಗಿಸಿದರೂ ಸಿಲಿಕಾ ಕವಚ ಉಳಿಯುತ್ತದೆ. ಈ ಪರೀಕ್ಷೆಯೊಂದೇ ನಿರ್ಣಾಯಕವಲ್ಲ. ಮಜ್ಜೆಯಲ್ಲಿ ಸಿಕ್ಕ ಪ್ರಭೇದಗಳನ್ನು ಆ ನೀರಿನವುಗಳೊಡನೆ ಹೋಲಿಸಿದಾಗಲೇ ಅದಕ್ಕೆ ಬೆಲೆ. ಆದ್ದರಿಂದ ಯಾವ ನೀರಿನಲ್ಲಿ ಯಾವುದಿದೆ ಎಂಬ ಪಟ್ಟಿ ಬೇಕು.

ನಮ್ಮ ಮಲೆನಾಡಿಗೆ ಅಂಥ ಪಟ್ಟಿಯನ್ನು ಕೊಟ್ಟವರು ಎಚ್.ಪಿ. ಗಾಂಧಿ. ಸಾಗರದ ಸಿಹಿನೀರಿನ ಡಯಾಟಮ್‌ಗಳ ಕುರಿತ ಅವರ ಲೇಖನ 1959ರಲ್ಲಿ, ಜೋಗದ ಕುರಿತ ದೀರ್ಘ ಅಧ್ಯಯನ 1966ರಲ್ಲಿ ಪ್ರಕಟವಾದವು. ಈ ನಡುವೆ, 1964ರಲ್ಲಿ, ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಶರಾವತಿ ಕಣಿವೆ ಅಭಯಾರಣ್ಯವಾದದ್ದು 1972ರಲ್ಲಿ.

ಡಯಾಟಮ್‌ಗಳು ನೀರಿನ ಆರೋಗ್ಯವನ್ನೂ ಹೇಳುತ್ತವೆ. ಯೂನೋಷಿಯಾ ಕುಲದ ಹೆಚ್ಚಿನವು ಲವಣ ಕಡಿಮೆಯಿರುವ, ತುಸು ಆಮ್ಲೀಯ ನೀರನ್ನು ಬಯಸುತ್ತವೆ. ನಿಟ್ಸ್ಕಿಯಾ ಪೇಲಿಯಾ ಚರಂಡಿ ಸೇರಿದ ನೀರಿನಲ್ಲೂ ಸೊಂಪಾಗಿ ಬೆಳೆಯುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ರಿಕ್ ಬ್ಯಾಟರ್‌ಬೀ ಮತ್ತು ಸಂಗಡಿಗರು ಸ್ಕಾಟ್ಲೆಂಡಿನ ಸರೋವರಗಳ ಕೆಸರಿನ ಪದರಗಳಲ್ಲಿ ಉಳಿದ ಕವಚಗಳನ್ನೇ ಓದಿ, ಕೈಗಾರಿಕಾ ಯುಗದ ಆಮ್ಲಮಳೆ ಆ ನೀರನ್ನು ಕೆಡಿಸಿದ್ದನ್ನು ತೋರಿಸಿಕೊಟ್ಟರು.

ರೋಗಿಯ ಹಳೆಯ ವರದಿ ಕೈಯಲ್ಲಿಲ್ಲದಿದ್ದರೆ ಇಂದಿನ ಏರುಪೇರನ್ನು ಅಳೆಯುವುದು ವೈದ್ಯನಿಗೆ ಕಷ್ಟ. ಶರಾವತಿಗೆ ಅಂಥದೊಂದು ಹಳೆಯ ವರದಿ ಇದೆ. ಅಭಯಾರಣ್ಯವೆಂದರೆ ಸಿಂಗಳೀಕವೂ ಹೆಮ್ಮರಗಳೂ ಮಾತ್ರವಲ್ಲ. ಅದರ ಹಳ್ಳದ ಕಲ್ಲಿಗಂಟಿದ ಲೋಳೆಯೂ ಹೌದು. ಕಾಡು ಕಡಿದು ಹಳ್ಳಕ್ಕೆ ಬಿಸಿಲೂ ಹೂಳೂ ಬಂದಾಗ, ನಮ್ಮ ಕಣ್ಣಿಗೆ ಕಾಣುವ ಮೊದಲೇ ಬದಲಾಗುವುದು ಅದೇ.