ಒಂದೇ ಪಾತ್ರೆ, ಎರಡು ಫೋರ್ಕು



ಫೆಬ್ರವರಿ ಹತ್ತಿರ ಬಂದಂತೆ ಆಫೀಸಿನ ಅಮೆರಿಕನ್ ಗೆಳತಿಯರು ಕೊಡುವ ಸಲಹೆ ಒಂದೇ: "ಗಂಡನ ಜೊತೆ ಫಾಂಡ್ಯೂಗೆ ಹೋಗು, ತುಂಬಾ ರೊಮ್ಯಾಂಟಿಕ್!" ನಮ್ಮ ಸಂಘದ ಗೆಳತಿಯರು ಕೇಳುವ ಪ್ರಶ್ನೆಗಳೇ ಬೇರೆ. "ಅಲ್ಲಿ ನಮಗೆ ತಿನ್ನೋಕೆ ಏನಾದ್ರೂ ಸಿಗತ್ತಾ? ಎಲ್ರೂ ಒಂದೇ ಪಾತ್ರೇಲಿ ಅದ್ದಿ ತಿಂತಾರಂತಲ್ಲ, ಎಂಜಲಾಗಲ್ವಾ?" ನಾನೂ ನಮ್ಮವರೂ ಸಸ್ಯಾಹಾರಿಗಳು. ನಾಲ್ಕಾರು ಸಲ ಹೋಗಿ ಬಂದಿದ್ದೇವೆ. ಹಾಗಾಗಿ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಫಾಂಡ್ಯೂ ಎಂಬುದು ಫ್ರೆಂಚ್ ಪದ. ಕರಗಿಸಿದ್ದು ಎಂದರ್ಥ. ಊರು ಸ್ವಿಟ್ಜರ್ಲೆಂಡ್. ಚೀಸನ್ನು ವೈನಿನಲ್ಲಿ ಕರಗಿಸುವ ವಿಧಾನ 1699ರಲ್ಲಿ ಜ್ಯೂರಿಕ್‌ನಲ್ಲಿ ಪ್ರಕಟವಾದ ಅಡುಗೆ ಪುಸ್ತಕದಲ್ಲೇ ಇದೆ. ಆದರೆ ಇದು ಸ್ವಿಸ್ಸರ "ರಾಷ್ಟ್ರೀಯ ತಿನಿಸು" ಆದದ್ದು 1930ರ ದಶಕದಲ್ಲಿ, ಅಲ್ಲಿನ ಚೀಸ್ ಒಕ್ಕೂಟ ಮಾರಾಟ ಹೆಚ್ಚಿಸಲು ಜೋರಾಗಿ ಪ್ರಚಾರ ಮಾಡಿದ ಮೇಲೆ! ಅಮೆರಿಕದಲ್ಲಿ ಇದರ ರುಚಿ ಹರಡಲು 1964ರ ನ್ಯೂಯಾರ್ಕ್ ವಿಶ್ವ ಮೇಳದ ಸ್ವಿಸ್ ಮಂಟಪವೂ ಒಂದು ಕಾರಣ. ಚಾಕೊಲೇಟ್ ಫಾಂಡ್ಯೂ ಹುಟ್ಟಿದ್ದಂತೂ ನ್ಯೂಯಾರ್ಕಿನಲ್ಲೇ, 1960ರ ದಶಕದಲ್ಲಿ. ಇಲ್ಲಿ ಹೆಸರಾದ 'ದಿ ಮೆಲ್ಟಿಂಗ್ ಪಾಟ್' 1975ರಲ್ಲಿ ಫ್ಲಾರಿಡಾದ ಮೇಟ್‌ಲ್ಯಾಂಡ್‌ನಲ್ಲಿ ಶುರುವಾದಾಗ ಮೆನುವಿನಲ್ಲಿದ್ದದ್ದು ಮೂರೇ ಬಗೆ: ಚೀಸ್, ದನದ ಮಾಂಸ, ಚಾಕೊಲೇಟ್.

ಇಂಥ ರೆಸ್ಟೋರೆಂಟುಗಳಲ್ಲಿ ಪೂರ್ತಿ ಊಟ ಸಾಮಾನ್ಯವಾಗಿ ನಾಲ್ಕು ಸುತ್ತು. ಮೊದಲು ಚೀಸ್, ಅದಕ್ಕೆ ಅದ್ದಲು ಬ್ರೆಡ್ಡು, ಸೇಬು, ತರಕಾರಿ. ಆಮೇಲೆ ಸಲಾಡ್. ಮೂರನೆಯದು ಕುದಿಯುವ ಸಾರು ಅಥವಾ ಎಣ್ಣೆ. ಅದರಲ್ಲಿ ನಮ್ಮ ನಮ್ಮ ತುಂಡನ್ನು ನಾವೇ ಬೇಯಿಸಿಕೊಳ್ಳಬೇಕು. ಕೊನೆಗೆ ಚಾಕೊಲೇಟ್. ಬರೀ ಚೀಸ್ ಮತ್ತು ಚಾಕೊಲೇಟ್ ತರಿಸಿಕೊಂಡರೂ ಹೊಟ್ಟೆ ತುಂಬುತ್ತದೆ, ಬಿಲ್ಲೂ ಇಳಿಯುತ್ತದೆ.

ಚೀಸನ್ನು ಹಾಗೇ ಕಾಯಿಸಿದರೆ ಒಂದು ಕಡೆ ಮುದ್ದೆ, ಇನ್ನೊಂದು ಕಡೆ ಎಣ್ಣೆ. ವೈನಿನ ಹುಳಿ ಚೀಸಿನ ಪ್ರೋಟೀನುಗಳು ಗಂಟು ಕಟ್ಟದಂತೆ ತಡೆಯುತ್ತದೆ. ಕಾರ್ನ್‌ಸ್ಟಾರ್ಚ್ ಹಾಕಿದರೆ ಎಲ್ಲವೂ ಹೊಂದಿಕೊಂಡು ನುಣುಪಾಗುತ್ತದೆ. ಉರಿ ಸಣ್ಣದಿರಬೇಕು, ಅದ್ದುವಾಗಲೆಲ್ಲ ತಳದವರೆಗೆ ಕೆದಕುತ್ತಿರಬೇಕು. ಕೊನೆಯಲ್ಲಿ ತಳ ಹಿಡಿದ ಚೀಸಿನ ಹಪ್ಪಳವನ್ನು ಸ್ವಿಸ್ಸರು ಕೆರೆದು ಹಂಚಿ ತಿನ್ನುತ್ತಾರೆ. ತುಪ್ಪ ಕಾಯಿಸಿದ ಪಾತ್ರೆಯ ಗಸಿಗೆ ಚಿಕ್ಕಂದಿನಲ್ಲಿ ನಾವು ಜಗಳ ಆಡುತ್ತಿದ್ದೆವಲ್ಲ, ಹಾಗೆ!

ಇನ್ನು ಎಂಜಲಿನ ವಿಷಯ. ನಿಮ್ಮ ಅತ್ತೆಯವರಿಗೂ ಒಪ್ಪಿಗೆಯಾಗುವ ನಿಯಮವೇ ಇಲ್ಲಿದೆ. ಉದ್ದನೆಯ ಫೋರ್ಕು ಪಾತ್ರೆಯಿಂದ ತಟ್ಟೆಯವರೆಗೆ ಮಾತ್ರ. ತಟ್ಟೆಗೆ ಇಳಿಸಿಕೊಂಡು, ಮಾಮೂಲಿ ಫೋರ್ಕಿನಲ್ಲಿ ಬಾಯಿಗೆ. ಕುದಿಯುವುದರಿಂದ ತೆಗೆದ ಫೋರ್ಕನ್ನು ನೇರ ಬಾಯಿಗಿಟ್ಟರೆ ತುಟಿ ಸುಡುವುದೂ ಖಂಡಿತ. ಯಾರದು ಯಾವುದೆಂದು ತಿಳಿಯಲು ಫೋರ್ಕಿನ ತುದಿಗೆ ಬೇರೆ ಬೇರೆ ಬಣ್ಣ ಇರುವುದೂ ಉಂಟು. ಅಂದಹಾಗೆ, ಗಂಡ-ಹೆಂಡತಿ ಹಂಚಿಕೊಂಡು ತಿನ್ನುವುದು ನಮಗೇನೂ ಹೊಸದಲ್ಲ. ನಮ್ಮ ಎಷ್ಟೋ ಮನೆತನಗಳಲ್ಲಿ ಭೂಮದ ಊಟದ ದಿನ ಬಂಧುಗಳೆಲ್ಲ ನಗುತ್ತಿರುವಾಗ ಮದುಮಕ್ಕಳು ಒಬ್ಬರಿಗೊಬ್ಬರು ತಿನ್ನಿಸುತ್ತಾರೆ. ಆಮೇಲೆ ಆ ಅವಕಾಶ ಮತ್ತೆ ಬರುವುದೇ ಅಪರೂಪ.

ಸಸ್ಯಾಹಾರಿಗಳು ಮಾತ್ರ ಹಿಂದಿನ ದಿನವೇ ಫೋನ್ ಮಾಡಿ ಕೆಲವು ವಿಷಯ ಕೇಳಿಕೊಳ್ಳುವುದು ಒಳ್ಳೆಯದು.

ಮೊದಲನೆಯದು ರೆನೆಟ್. ನಾವು ಹಾಲಿಗೆ ಹೆಪ್ಪು ಹಾಕಿದಂತೆ ಚೀಸಿಗೆ ಹಾಕುವ ಕಿಣ್ವ ಇದು. ಸಾಂಪ್ರದಾಯಿಕವಾಗಿ ಇದನ್ನು ತೆಗೆಯುವುದು ಕರುವಿನ ಜಠರದಿಂದ. ಅಸಲಿ ಸ್ವಿಸ್ ಗ್ರುಯೇರ್ ಚೀಸಿಗೆ ಇಂದಿಗೂ ಅದೇ ಬೇಕು. ಸ್ವಿಟ್ಜರ್ಲೆಂಡ್ ಪ್ರವಾಸ ಹೊರಟವರೂ ಇದನ್ನು ನೆನಪಿಡಿ. ಸೂಕ್ಷ್ಮಜೀವಿಗಳಿಂದ ತಯಾರಿಸಿದ ಕಿಣ್ವಕ್ಕೆ ಅಮೆರಿಕದಲ್ಲಿ 1990ರಲ್ಲಿ ಒಪ್ಪಿಗೆ ಸಿಕ್ಕಿತು. ಇಲ್ಲಿ ತಯಾರಾಗುವ ಚೀಸಿನಲ್ಲಿ ಬಹುಪಾಲು ಈಗ ಅದರದ್ದೇ. "ವೆಜಿಟೇರಿಯನ್ ರೆನೆಟ್ಟಾ?" ಎಂದು ಕೇಳಿದರೆ ಪೊಟ್ಟಣ ನೋಡಿ ಹೇಳುತ್ತಾರೆ.

ಎರಡನೆಯದು ಮದ್ಯ. ವೈನ್, ಬಿಯರ್, ಚೆರ್ರಿಯ ಕಿರ್ಶ್ ಇವೆಲ್ಲ ಹಾಕುವುದುಂಟು. "ಕುದಿಸಿದರೆ ಹೋಗಿಬಿಡುತ್ತೆ" ಎನ್ನುವುದು ಪೂರ್ತಿ ನಿಜವಲ್ಲ, ಸ್ವಲ್ಪ ಉಳಿದೇ ಉಳಿಯುತ್ತದೆ. ಬೇಡವಾದವರು ತರಕಾರಿ ಸಾರು ಮತ್ತು ನಿಂಬೆರಸದಲ್ಲಿ ಮಾಡಿಕೊಡಿ ಎನ್ನಬಹುದು. ಎಷ್ಟೋ ಕಡೆ ನಮ್ಮ ಕಣ್ಣೆದುರೇ ಕಲಸುವುದರಿಂದ ಏನು ಬೀಳುತ್ತಿದೆ ಎಂದು ನೋಡಿಕೊಳ್ಳಲೂಬಹುದು.

ಮೂರನೆಯದು, ಕಣ್ಣಿಗೆ ಕಾಣದ ಮೀನು. ಚೆಡ್ಡರ್ ಫಾಂಡ್ಯೂಗೆ ಕೆಲವರು ವೂಸ್ಟರ್‌ಶೈರ್ ಸಾಸ್ ಹಾಕುತ್ತಾರೆ. ಅದರಲ್ಲೂ ಸೀಸರ್ ಸಲಾಡಿನ ಡ್ರೆಸಿಂಗಿನಲ್ಲೂ ಸಾಮಾನ್ಯವಾಗಿ ಆಂಚೊವಿ ಮೀನು ಇರುತ್ತದೆ. ನಾಲ್ಕನೆಯದು ಚಾಕೊಲೇಟ್ ಜೊತೆ ಬರುವ ಮಾರ್ಷ್‌ಮ್ಯಾಲೋ. ಅದರಲ್ಲಿರುವುದು ಪ್ರಾಣಿಜನ್ಯ ಜೆಲಟಿನ್. ಅದರ ಬದಲು ಇನ್ನಷ್ಟು ಸ್ಟ್ರಾಬೆರಿ ಕೇಳಿ, ಸಂತೋಷವಾಗಿ ಕೊಡುತ್ತಾರೆ. ಮಾಂಸ ತಿನ್ನುವ ಸ್ನೇಹಿತರ ಜೊತೆ ಹೋದರೆ ಮೂರನೇ ಸುತ್ತಿಗೆ ಬೇರೆಯೇ ಪಾತ್ರೆ ಬೇಕೆಂದು ಮೊದಲೇ ಹೇಳಿ.

ಇಷ್ಟೆಲ್ಲ ತೊಂದರೆ ತೆಗೆದುಕೊಂಡು ಯಾಕೆ ಹೋಗಬೇಕು ಅಂತೀರಾ? ಊಟಕ್ಕೆ ಹಿಡಿಯುವ ಸಮಯಕ್ಕಾಗಿ. ನಮ್ಮ ಮನೆಯ ರಾತ್ರಿ ಊಟ ಹದಿನೈದು ನಿಮಿಷದ್ದು. ಮಧ್ಯೆ ಮಕ್ಕಳ ಹೋಮ್‌ವರ್ಕು, ಸಾಕರು, ಇಂಡಿಯಾದಿಂದ ಫೋನು. ಫಾಂಡ್ಯೂನಲ್ಲಿ ಎರಡು ಗಂಟೆ ಎದುರುಬದುರು ಕೂತಿರಲೇಬೇಕು. ಅಡುಗೆಯವರೂ ನಾವೇ, ಬಡಿಸುವವರೂ ನಾವೇ. ಆಲೂಗಡ್ಡೆ ಬೇಯಬೇಕಾದರೆ ಮಾತಾಡದೆ ಬೇರೆ ದಾರಿಯಿಲ್ಲ! ಹೋದ ಸಲ ಹಾಗೆ ಕೂತಿದ್ದಾಗಲೇ ನಮ್ಮವರು ಮೈಸೂರಿನಲ್ಲಿ ಒಬ್ಬರೇ ಇರುವ ನಮ್ಮ ಅತ್ತೆಯ ವಿಚಾರ ತೆಗೆದರು. ಎಷ್ಟೋ ತಿಂಗಳಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದರಂತೆ. ಮನೆಯಲ್ಲಿ ಆ ಮಾತಿಗೆ ಪುರಸೊತ್ತೇ ಸಿಕ್ಕಿರಲಿಲ್ಲ. ಚಾಕೊಲೇಟ್ ಬರುವ ಹೊತ್ತಿಗೆ ಬೇಸಿಗೆಯಲ್ಲಿ ಯಾರು, ಯಾವಾಗ ಹೋಗಿ ಎಷ್ಟು ದಿನ ಇರುವುದು ಎಂದು ನಿರ್ಧಾರವಾಗಿತ್ತು.

ಚಿಕ್ಕ ಮಕ್ಕಳನ್ನು ಮಾತ್ರ ಕರೆದೊಯ್ಯಬೇಡಿ. ಮೇಜಿನ ನಡುವೆಯೇ ಒಲೆ, ಮೇಲೆ ಕುದಿಯುವ ಪಾತ್ರೆ ಇರುತ್ತದೆ. ಊರಲ್ಲಾಗಿದ್ದರೆ ಅಜ್ಜಿ-ತಾತ ನೋಡಿಕೊಳ್ಳುತ್ತಿದ್ದರು. ಇಲ್ಲಿ ನಮಗೆ ನಾವೇ. ನಮ್ಮ ಬೀದಿಯ ಮೂರು ಕನ್ನಡ ಮನೆಗಳು ಒಂದು ಏರ್ಪಾಡು ಮಾಡಿಕೊಂಡಿದ್ದೇವೆ. ಒಂದು ಶನಿವಾರ ಒಬ್ಬರ ಮನೆಯಲ್ಲಿ ಎಲ್ಲ ಮಕ್ಕಳಿಗೂ ಚಪಾತಿ-ಪಲ್ಯ, ಉಳಿದ ಎರಡು ಜೋಡಿಗಳಿಗೆ ರಜೆ. ಮುಂದಿನ ಸಲ ಸರದಿ ಬದಲು. ನಿಮ್ಮ ಬೀದಿಯಲ್ಲೂ ಶುರು ಮಾಡಿ ನೋಡಿ.