ಮರೆವಿಗೆ ವಯಸ್ಸೊಂದೇ ಕಾರಣವೇ?

ಮನೆಯ ಹಿರಿಯರು ಚಷ್ಮಾ ಎಲ್ಲಿಟ್ಟೆನೆಂದು ಹುಡುಕುತ್ತಾರೆ. ಹೇಳಿದ್ದನ್ನೇ ಮತ್ತೆ ಹೇಳುತ್ತಾರೆ. ನಮಾಝಿನಲ್ಲಿ ರಕಅತ್‌ಗಳ ಲೆಕ್ಕ ತಪ್ಪುತ್ತಾರೆ. "ವಯಸ್ಸಾಯಿತಲ್ಲಾ" ಎಂದು ನಾವು ಸುಮ್ಮನಾಗುತ್ತೇವೆ. ಹೆಚ್ಚಿನ ಮನೆಗಳಲ್ಲಿ ಕಾರಣ ವಯಸ್ಸೇ ಇರಬಹುದು. ಆದರೆ ಕೆಲವೆಡೆ ಎಲ್ಲರಿಗೂ ಗೊತ್ತಿದ್ದು ಯಾರೂ ಬಾಯಿಬಿಡದ ಇನ್ನೊಂದು ಕಾರಣವೂ ಇರುತ್ತದೆ. ಅದು ಗಾಂಜಾ.

ಗಾಂಜಾ ಕಾಲೇಜು ಹುಡುಗರ ಪಿಡುಗಲ್ಲವೇ, ಅಜ್ಜಂದಿರಿಗೆಲ್ಲಿಯದು ಎಂದು ನೀವು ಕೇಳಬಹುದು. ಅಮೆರಿಕದಲ್ಲಿ 65 ದಾಟಿದವರ ಪೈಕಿ ಇದನ್ನು ಬಳಸುವವರು 2021ರಲ್ಲಿ ಶೇ. 4.8 ಇದ್ದರು, 2023ರಲ್ಲಿ ಶೇ. 7 ಆದರು. ನಮ್ಮ ದೇಶದಲ್ಲಿ 2019ರಲ್ಲಿ ಪ್ರಕಟವಾದ ಸರಕಾರಿ ಸಮೀಕ್ಷೆಯ ಪ್ರಕಾರ, 10ರಿಂದ 75 ವರ್ಷದವರಲ್ಲಿ ಸುಮಾರು 3.1 ಕೋಟಿ ಮಂದಿ ಭಂಗಿ, ಗಾಂಜಾ ಅಥವಾ ಚರಸ್ ಬಳಸುತ್ತಿದ್ದರು.

ದೋಣಿಮಲೈಯನ್ನೇ ನೋಡಿ. ಎನ್‌ಎಂಡಿಸಿಯ ಕಬ್ಬಿಣದ ಅದಿರಿನ ಗಣಿ ಇಲ್ಲಿ 1977ರಲ್ಲಿ ಆರಂಭವಾಯಿತು. ಅಂದು ಇಪ್ಪತ್ತೈದರ ತರುಣರಾಗಿ ಕೆಲಸಕ್ಕೆ ಸೇರಿದವರಿಗೆ ಇಂದು ಎಪ್ಪತ್ತು ದಾಟಿದೆ. ದುಡಿದು ಸವೆದ ಮೊಣಕಾಲು, ಬಾರದ ನಿದ್ದೆ, ಒಂಟಿತನ ಇವು ಸಂಡೂರು, ಹೊಸಪೇಟೆ, ಕಂಪ್ಲಿ ಎನ್ನದೆ ಎಲ್ಲ ಕಡೆಯ ಹಿರಿಯರ ಸಂಕಟ. "ಒಂದು ದಮ್ ಎಳೆದರೆ ನೋವು ಹೋಗುತ್ತದೆ" ಎಂಬ ಮಾತು ಇಂಥವರ ಕಿವಿಗೆ ಬಲು ಹಿತವಾಗಿ ಕೇಳಿಸುತ್ತದೆ.

ಗಾಂಜಾದ ನಶೆಯ ಅಂಶ ಮಿದುಳಿನಲ್ಲಿ ನೆನಪು ಕೂಡಿಡುವ ಭಾಗದ ಮೇಲೆಯೇ ಕೆಲಸ ಮಾಡುತ್ತದೆ. ಅದು ಕೊಬ್ಬಿನಲ್ಲಿ ಕರಗುವಂಥದ್ದು. ವಯಸ್ಸಾದಂತೆ ದೇಹದಲ್ಲಿ ಕೊಬ್ಬಿನ ಪಾಲು ಹೆಚ್ಚುತ್ತದೆ, ಯಕೃತ್ತಿನ ವೇಗ ತಗ್ಗುತ್ತದೆ. ಹಾಗಾಗಿ ಯುವಕನಿಗಿಂತ ವೃದ್ಧನಲ್ಲಿ ಅದರ ಪ್ರಭಾವ ಹೆಚ್ಚು ಹೊತ್ತು ಉಳಿಯಬಹುದು. ಎದ್ದು ನಿಂತೊಡನೆ ಬಿ.ಪಿ. ಇಳಿದು ತಲೆ ಸುತ್ತಬಹುದು. ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದರೆ ಮುಂದಿನ ಕಥೆ ನಿಮಗೆ ಗೊತ್ತೇ ಇದೆ. ರಕ್ತ ತೆಳುಮಾಡುವ ವಾರ್ಫರಿನ್ ಮಾತ್ರೆ ಅಥವಾ ನಿದ್ದೆ ಮಾತ್ರೆಯ ಜೊತೆ ಸೇರಿದರೆ ಅಪಾಯ ಇನ್ನೂ ಹೆಚ್ಚು.

ಮರೆವಿನ ಕಾಯಿಲೆಗೂ ಇದಕ್ಕೂ ನಂಟಿದೆಯೇ? ಕೆನಡಾದ ಒಂಟಾರಿಯೋದಲ್ಲಿ 45 ದಾಟಿದ 60 ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2025ರಲ್ಲಿ ಪ್ರಕಟವಾಯಿತು. ಗಾಂಜಾದ ಕಾರಣದಿಂದ ತುರ್ತಾಗಿ ಆಸ್ಪತ್ರೆಗೆ ಬಂದವರಲ್ಲಿ ಐದು ವರ್ಷಗಳೊಳಗೆ ಸುಮಾರು ಶೇ. 5 ಮಂದಿಗೆ ಡಿಮೆನ್ಶಿಯಾ ಪತ್ತೆಯಾಗಿತ್ತು. ಸಾಮಾನ್ಯ ಜನರಲ್ಲಿ ಇದು ಶೇ. 1.3 ಮಾತ್ರ. ನ್ಯೂಜಿಲೆಂಡಿನಲ್ಲಿ ಹುಟ್ಟಿನಿಂದ 45ರ ವಯಸ್ಸಿನವರೆಗೆ ಗಮನಿಸಲಾದವರ ಪೈಕಿ ದೀರ್ಘಕಾಲದ ಗಾಂಜಾ ಬಳಕೆದಾರರ ಬುದ್ಧಿಮತ್ತೆ ಸರಾಸರಿ 5.5 ಅಂಕ ಕುಸಿದಿತ್ತು. ಇದಕ್ಕೆ ಭಿನ್ನವಾಗಿ, 2024ರ ಡೆನ್ಮಾರ್ಕ್ ಅಧ್ಯಯನವೊಂದರಲ್ಲಿ ಗಾಂಜಾ ಬಳಸಿದ್ದ ಪುರುಷರಲ್ಲಿ ಬುದ್ಧಿ ಕುಗ್ಗಿದ್ದು ತುಸು ಕಡಿಮೆಯೇ. ಇವು ನಂಟನ್ನು ತೋರಿಸುತ್ತವೆ. ಗಾಂಜಾವೇ ಕಾರಣ ಅಥವಾ ಗಾಂಜಾವೇ ರಕ್ಷೆ ಎಂದು ಸಾಬೀತು ಮಾಡುವುದಿಲ್ಲ. ಆದರೆ ಈಗಾಗಲೇ ಬಿ.ಪಿ., ಸಕ್ಕರೆ ಕಾಯಿಲೆಯಿರುವ ಎಪ್ಪತ್ತರ ಜೀವವನ್ನು ಪ್ರಯೋಗಕ್ಕೊಡ್ಡುವುದು ಬುದ್ಧಿವಂತಿಕೆಯಲ್ಲ.

ಸಹೋದರಿಯರೇ, ನಶೆ ಹರಾಮ್ ಎಂಬುದು ಆ ಹಿರಿಯರಿಗೂ ಗೊತ್ತು. ಅದಕ್ಕೆಂದೇ ಅವರು ಮರೆಮಾಚುತ್ತಾರೆ. ಮಾನಕ್ಕಂಜಿ ನಾವೂ ಮರೆಮಾಚುತ್ತೇವೆ. ವೈದ್ಯರಿಗೆ ವಿಷಯ ತಿಳಿಯದಿದ್ದರೆ ನಶೆಯ ಮಂಕನ್ನೂ ಮರೆವಿನ ಕಾಯಿಲೆಯೆಂದೇ ಭಾವಿಸಬಹುದು. ಥೈರಾಯ್ಡ್ ದೋಷ, ಬಿ12 ಕೊರತೆ, ಖಿನ್ನತೆಯಿಂದಲೂ ಮರೆವು ಬರುತ್ತದೆ, ಇವಕ್ಕೆಲ್ಲ ಚಿಕಿತ್ಸೆಯಿದೆ. ಆದ್ದರಿಂದ ಅವರು ತೆಗೆದುಕೊಳ್ಳುವ ಮಾತ್ರೆಗಳ ಜೊತೆ ಈ ಅಭ್ಯಾಸವನ್ನೂ ವೈದ್ಯರಿಗೆ ಬಿಚ್ಚಿ ಹೇಳಿ.

ಪೊಲೀಸರ ಭಯ ಬೇಡ. 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಮು, ಸ್ವಂತ ಇಚ್ಛೆಯಿಂದ ಸರಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಮುಂದಾಗುವ ವ್ಯಸನಿಗೆ ಸೇವನೆಯ ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಧಾರವಾಡದ ಡಿಮ್ಹಾನ್ಸ್ ಇನ್ನೂ ಹತ್ತಿರ. ವ್ಯಸನಮುಕ್ತಿಗೆ 14446, ಮನಸ್ಸಿನ ತೊಂದರೆಗೆ 14416 ಉಚಿತ ಸಂಖ್ಯೆಗಳಿವೆ.

ಬಿಟ್ಟ ಮೊದಲ ವಾರ ಸಿಡುಕು, ನಿದ್ರಾಹೀನತೆ, ಹಸಿವಿಲ್ಲದಿರುವುದು ಸಹಜ. ಆಗ ಮೊಮ್ಮಕ್ಕಳೆದುರು ಹಂಗಿಸಬೇಡಿ. ಮೊಣಕಾಲಿನ ನೋವಿಗೆ ಸರಿಯಾದ ಮದ್ದು ಕೊಡಿಸಿ. ಸಂಜೆ ಅರ್ಧ ಗಂಟೆ ಅವರ ಬಳಿ ಕುಳಿತು ಗಣಿಯ ದಿನಗಳ ಕಥೆ ಕೇಳಿ. ನೋವು ಮತ್ತು ಒಂಟಿತನ ಕಡಿಮೆಯಾದರೆ ನಶೆಯ ಹಂಗೂ ಕಡಿಮೆಯಾಗುತ್ತದೆ.